ಎತ್ತಿನ ಗಂಟೆ ಹುಡುಕುತ್ತಾ ಜಾಫ್ನಾಕ್ಕೆ

ಹೊರಡುವ ಮುಂಚೆ: ಭೀಮನಬೀಡು

ನನ್ನ ಕೆಲಸ ರಕ್ತ ತೆಗೆಯುವುದು. ಗುಂಡ್ಲುಪೇಟೆಯ ಒಂದು ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ತೋಳಿಗೆ ರಬ್ಬರು ಪಟ್ಟಿ ಕಟ್ಟಿ, "ಮುಷ್ಟಿ ಹಿಡೀರಿ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ" ಎಂದು ಸುಳ್ಳು ಹೇಳುತ್ತಾ ಹೊಟ್ಟೆ ಹೊರೆಯುವವಳು. ಸೂಜಿ ನೋಡಿದರೆ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಅಂಥವರ ಗಮನ ಬೇರೆ ಕಡೆ ಹೋಗಲಿ ಎಂದು ಏನಾದರೂ ಕತೆ ಕಟ್ಟಿ ಹೇಳುವುದು ನನ್ನ ಅಭ್ಯಾಸ. ಹಾಗೆ ಹೇಳಿದ್ದನ್ನೇ ಬರೆಯತೊಡಗಿದೆ. ಒಂದೆರಡು ಕತೆ ವಾರಪತ್ರಿಕೆಯಲ್ಲೂ ಬಂದವು. ಹರದನಹಳ್ಳಿಯ ಗೆಳತಿ ಸುಮಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಅವಳು ನನ್ನ ಒಂದು ಕತೆಯನ್ನು ಇಂಗ್ಲಿಷಿಗೆ ಮಾಡಿ, ನನಗೂ ಸರಿಯಾಗಿ ಹೇಳದೆ, ಶ್ರೀಲಂಕಾದ ಜಾಫ್ನಾದಲ್ಲಿ ನಡೆಯುವ ಒಂದು ವಾರದ ಕತೆ ಕಮ್ಮಟಕ್ಕೆ ಕಳಿಸಿಬಿಟ್ಟಳು. ಹೆಸರು ಮಾಡಿದ ಇಬ್ಬರು ಲೇಖಕರು ಕಲಿಸುತ್ತಾರೆ, ಊಟ ವಸತಿ ಅವರದೇ. ನನ್ನ ಹೆಸರು ಆಯ್ಕೆಯಾಯಿತು.

"ಕತೆ ಬರಿಯದು ಕಲಿಯಕ್ಕೆ ಸಮುದ್ರ ದಾಟಿ ಓಗ್ಬೇಕಾ ಕಣಮ್ಮಿ? ನಿಮ್ಮಪ್ಪ ಗಾಡಿ ಮೂಕಿ ಮೇಲೆ ಕೂತ್ಕಂಡೇ ಏಳ್ತಿರ್ನಿಲ್ವಾ?" ಎಂದಳು ಅವ್ವ.

ಅವ್ವನ ಮಾತು ಸರಿಯೇ. ಆದರೆ ನಾನು ಹೊರಟಿದ್ದು ಅಪ್ಪನ ಕತೆಗಾಗಿಯೇ.

ನಾನು ಚಿಕ್ಕವಳಿದ್ದಾಗ ಅಪ್ಪ ಈರುಳ್ಳಿ ಮೂಟೆ ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಗುಂಡ್ಲುಪೇಟೆಗೆ ಹೋಗುತ್ತಿದ್ದರು. ರಜೆ ಇದ್ದರೆ ನಾನೂ ಮೂಟೆಗಳ ಮೇಲೆ ಹತ್ತಿ ಮಲಗುತ್ತಿದ್ದೆ. ಅಪ್ಪ ಮುಂದೆ ನೋಡುತ್ತಾ ಕತೆ ಹೇಳುವರು, ನಾನು ಹಿಂದಿನಿಂದ "ಹೂಂ" ಅನ್ನಬೇಕು. ನಮ್ಮ ಕಡೆ ಕತೆ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ಮುಂದುವರಿಸುವುದಿಲ್ಲ. ಅಪ್ಪನಿಗೆ ಇನ್ನೊಂದು ಕಾರಣವೂ ಇತ್ತು. ಬೆನ್ನ ಹಿಂದೆ ಮಗು ಮೂಟೆಯ ಮೇಲಿದೆಯೋ ದಾರಿಯಲ್ಲಿ ಉರುಳಿಹೋಯಿತೋ ಎಂದು ಗೊತ್ತಾಗುತ್ತಿದ್ದುದು ಆ ಹೂಂನಿಂದಲೇ. ಹೂಂ ನಿಂತರೆ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಬಂದು ನೋಡಿ, ನಿದ್ದೆ ಹೋಗಿದ್ದ ನನಗೆ ತಮ್ಮ ಟವೆಲು ಹೊದ್ದಿಸಿ ಹೋಗುತ್ತಿದ್ದರಂತೆ. ಇದು ಅವ್ವ ಹೇಳಿದ್ದು. ನನಗೆ ಎಚ್ಚರವಾಗುವಾಗ ಮೈಮೇಲೆ ಟವೆಲು, ಸುತ್ತ ಮಾರ್ಕೆಟ್ಟಿನ ಗಲಾಟೆ.

ಕತೆ ಯಾವಾಗಲೂ ಒಂದೇ. ಕೆಂಪಜ್ಜಿ ಎಂಬ ಮುದುಕಿಯ ಎತ್ತಿನ ಕೊರಳ ಗಂಟೆ ಕಳೆದುಹೋಗಿದೆ. ಗಂಟೆಯ ಸದ್ದಿಲ್ಲದೆ ಎತ್ತು ಹೆಜ್ಜೆ ಕಿತ್ತಿಡುವುದಿಲ್ಲ. ಅಜ್ಜಿ ಎತ್ತನ್ನು ಕಟ್ಟಿಹಾಕಿ ಗಂಟೆ ಹುಡುಕಿ ಹೊರಡುತ್ತಾಳೆ. ಹುಣಸೆಮರವನ್ನು ಕೇಳಿದರೆ ಅದು ಕೆರೆಯನ್ನು ಕೇಳು ಅನ್ನುತ್ತದೆ. ಕೆರೆಯನ್ನು ಕೇಳಿದರೆ ಬೋರೆಯ, ಅಂದರೆ ದಿಣ್ಣೆಯ, ಮೇಲಿನ ಕಲ್ಲನ್ನು ಕೇಳು ಅನ್ನುತ್ತದೆ. ಗಂಟೆ ಕೊನೆಗೆ ಎಲ್ಲಿ ಸಿಕ್ಕಿತು? ಗೊತ್ತಿಲ್ಲ. ಅಷ್ಟು ಹೊತ್ತಿಗೆ ನನಗೆ ನಿದ್ದೆ.

ದೊಡ್ಡವಳಾದೆ, ಮದುವೆಯಾಯಿತು, ಕೇಳುವುದು ಮರೆತೇಹೋಯಿತು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬುದ್ಧಿ ಚುರುಕಾಗಿದೆ, ಕಿವಿ ಚೆನ್ನಾಗಿದೆ, ಮಾತು ಮಾತ್ರ ಹೋಯಿತು. ಉಳಿದಿರುವುದು ಎರಡೇ ಸದ್ದು. ಹೌದು ಅನ್ನುವುದಕ್ಕೆ ಹೂಂ, ಇಲ್ಲ ಅನ್ನುವುದಕ್ಕೆ ಊಹೂಂ. ನಾನು ಕತೆ ಬರೆಯಲು ಕುಳಿತಾಗ ಅಂತ್ಯ ಬೇಕಾಗಿ ಅಪ್ಪನ ಮುಂದೆ ಕೂತು ಒಂದೊಂದೇ ಕೇಳಿದೆ. ಗಂಟೆ ಬಾವಿಯಲ್ಲಿ ಸಿಕ್ತಾ ಅಪ್ಪ? ಊಹೂಂ. ಕಳ್ಳ ತಗೊಂಡಿದ್ನಾ? ಊಹೂಂ. ದೇವಸ್ಥಾನದಲ್ಲಿತ್ತಾ? ಊಹೂಂ.

"ಅದೇನಮ್ಮಿ ಕೋರ್ಟಲ್ಲಿ ಕೇಳ್ದಂಗೆ ಕೇಳ್ತಿದ್ದಯೆ? ಬುಡು ಅವ್ರ ಪಾಡ್ಗೆ," ಎಂದು ಅವ್ವ ಗದರಿಸಿದಳು. ಅಪ್ಪ ನಗುತ್ತಿದ್ದರು. ಬಾಯಿಯ ಒಂದು ಪಕ್ಕ ಮಾತ್ರ ನಗುತ್ತಿತ್ತು.

ಕತೆ ಅರ್ಧಕ್ಕೇ ನಿಂತಿತ್ತು. ಸುಮಾ ಅದನ್ನೇ ಕಳಿಸಿದ್ದಳು. ಕತೆಗೆ ಕೊನೆ ಹಾಕುವುದನ್ನು ಕಲಿಸುವ ಜನ ಎಲ್ಲಾದರೂ ಇದ್ದರೆ ಹೋಗಿ ಕಲಿತು, ಅಪ್ಪ ಇರುವಾಗಲೇ ಅವರ ಕಿವಿಗೆ ಪೂರ್ತಿ ಕತೆ ಹಾಕಬೇಕು ಎಂದು ನಾನು ಹೊರಟೆ.

ವಿಮಾನದಿಂದ ಇಳಿದ ಮೇಲೆ

ಚೆನ್ನೈಯಿಂದ ಜಾಫ್ನಾಕ್ಕೆ ಫ್ಯಾನು ತಿರುಗುವ ಪುಟ್ಟ ವಿಮಾನ. ಸಮುದ್ರ ದಾಟಿದೆವು ಎಂದು ಗೊತ್ತಾಗುವ ಮುಂಚೆಯೇ ಇಳಿದಾಗಿತ್ತು. ವಿದೇಶ ಅಂದರೆ ಇನ್ನೂ ದೂರ ಇರಬೇಕು ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ಅವ್ವ ನನ್ನ ಚೀಲದ ತಳದಲ್ಲಿ ರಾಗಿ ಹುರಿಹಿಟ್ಟಿನ ಪೊಟ್ಟಣ ತುರುಕಿದ್ದಳು. ಕಸ್ಟಮ್ಸಿನವನು ಅದನ್ನು ಎತ್ತಿ ಬೆಳಕಿಗೆ ಹಿಡಿದ. ಕಂದು ಬಣ್ಣದ ಪುಡಿ, ಮೇಲೆ ರಬ್ಬರ್ ಬ್ಯಾಂಡು. ಅವನು ಬಿಚ್ಚಿ ಮೂಸಿದವನೇ "ಕುರಕ್ಕನ್!" ಎಂದು ಮುಖವರಳಿಸಿದ. ರಾಗಿಗೆ ಅಲ್ಲಿ ಹಾಗನ್ನುತ್ತಾರೆ. ತನ್ನ ಅಮ್ಮ ಇದನ್ನು ಹಬೆಯಲ್ಲಿ ಬೇಯಿಸಿ ಪುಟ್ಟು ಮಾಡುತ್ತಿದ್ದಳು ಎಂದು ತಮಿಳಿನಲ್ಲಿ ಹೇಳಿ, ಪೊಟ್ಟಣವನ್ನು ನನಗಿಂತ ಚೆನ್ನಾಗಿ ಕಟ್ಟಿಕೊಟ್ಟ. ನನ್ನ ಬಾಯಲ್ಲೂ ತಮಿಳು ಬರುತ್ತದೆ. ಗಡಿಯ ಆಚೆಗಿನ ಊರುಗಳಿಂದ ಲ್ಯಾಬಿಗೆ ಬರುವವರ ಕೈಯಲ್ಲಿ ಕಲಿತದ್ದು. ಆದರೆ ನನ್ನ ತಮಿಳು ಕೇಳಿ ಜಾಫ್ನಾದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಅವರದು ನಿಧಾನದ, ಒಗೆದು ಮಡಿಚಿಟ್ಟ ಬಟ್ಟೆಯಂಥ ತಮಿಳು.

ಕಮ್ಮಟದ ಮನೆಗೆ ಹೋಗುವ ದಾರಿಯಲ್ಲಿ ಆಟೋದಿಂದ ನೋಡಿದರೆ ಕೆಂಪು ಮಣ್ಣು, ಬಾಳೆ, ಸಾಲುಸಾಲು ಸಣ್ಣ ಈರುಳ್ಳಿ. ನಮ್ಮ ಬೇಗೂರಿನ ಕಡೆಯ ಹೊಲವನ್ನೇ ಎತ್ತಿ ತಂದು ಇಟ್ಟ ಹಾಗಿತ್ತು. ತಾಳೆಮರಗಳು ಮಾತ್ರ ಹೆಚ್ಚುವರಿ. ನಾನು ಆಟೋ ನಿಲ್ಲಿಸಿ ಇಳಿದು ಒಂದು ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅಲ್ಲೇ ಕಳೆ ತೆಗೆಯುತ್ತಿದ್ದ ಹೆಂಗಸು ಏನು ಬೇಕು ಎಂದಳು. ನಮ್ಮೂರಲ್ಲೂ ಇದೇ ಬೆಳೆ ಎಂದೆ. ಹಾಗಾದರೆ ಇಷ್ಟು ದೂರ ಏನು ನೋಡಲು ಬಂದೆ ಎಂದು ಕೇಳಿದಳು. ನಾನು ಗೆಡ್ಡೆಯನ್ನು ಅಲ್ಲೇ ಇಟ್ಟು ಆಟೋ ಹತ್ತಿದೆ.

ಮೊದಲ ದಿನ: ಜಗಲಿ

ಹಳೆಯ ಮನೆ, ಅಗಲವಾದ ಜಗಲಿ, ಬೆತ್ತದ ಕುರ್ಚಿಗಳು. ಕಲಿಸುವವರು ಇಬ್ಬರು. ಇಂದ್ರಾಣಿ ಮೇಡಂ ಸಿಂಹಳದಲ್ಲಿ ಕಾದಂಬರಿ ಬರೆಯುವವರು, ಇಂಗ್ಲಿಷಿನಲ್ಲಿ ಪಾಠ. ತೆಳ್ಳಗಿನ ಕೈ, ಎದ್ದು ಕಾಣುವ ನರ. ಇವರ ರಕ್ತ ತೆಗೆಯುವುದು ಸುಲಭ ಎಂದು ನನಗೆ ಮೊದಲು ಅನ್ನಿಸಿದ್ದು. ಇನ್ನೊಬ್ಬರು ಯೋಗನ್ ಮಾಸ್ಟರ್. ತಮಿಳಿನಲ್ಲಿ ಸಣ್ಣ ಕತೆ ಬರೆಯುತ್ತಾರೆ. ಶಾಲೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಊರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುತ್ತದೆ. ನಾನು ತಮಿಳಿನಲ್ಲಿ ತಡವರಿಸಿದ್ದನ್ನು ಅವರು ಇಂಗ್ಲಿಷಿಗೆ ದಾಟಿಸುತ್ತಿದ್ದರು. ಕಲಿಯಲು ಬಂದವರು ನಾಲ್ಕಾರು ದೇಶದವರು. ನನ್ನ ಕೋಣೆಯಲ್ಲಿದ್ದವಳು ನೇಪಾಳದ ಸಬಿತಾ.

ಬೆಳಗಿನ ತಿಂಡಿಗೆ ಒತ್ತು ಶಾವಿಗೆ. ಅವರು ಇಡಿಯಾಪ್ಪ ಅನ್ನುತ್ತಾರೆ, ತೆಂಗಿನ ಹಾಲಿನ ತಿಳಿ ಸಾರು ಹಾಕಿಕೊಂಡು ತಿನ್ನುತ್ತಾರೆ. ಪಕ್ಕದಲ್ಲಿ ಕೆಂಪು ಕಾಯಿಚಟ್ನಿ. ಬಲು ರುಚಿ. ಎರಡನೇ ಸಲ ಹಾಕಿಸಿಕೊಂಡ ಮೇಲೆ ಅದರಲ್ಲಿ ಒಣಮೀನಿನ ಪುಡಿ ಇದೆ ಎಂದು ತಿಳಿಯಿತು. ನಾನು ಬಾಡು ತಿನ್ನುವ ಮನೆಯವಳೇ. ಆದರೂ ಚಟ್ನಿಗೆ ಮೀನು ಹಾಕುವುದುಂಟೇ? ಮೂರನೇ ಸಲ ಹಾಕಿಸಿಕೊಂಡಾಗ ಮಾತ್ರ ನಾನೇ ನಾಚಿಕೊಂಡೆ.

ತಿಂಡಿಯಾದ ಮೇಲೆ ಒಬ್ಬೊಬ್ಬರೇ ತಮ್ಮ ಬರಹ ಓದಬೇಕಿತ್ತು. ಮೊದಲು ಸಬಿತಾ. ಅವಳು ಒಂದು ವಾಕ್ಯ ಓದಿದಳು. ನಾನು "ಹೂಂ" ಎಂದೆ. ಇನ್ನೊಂದು ಓದಿದಳು. "ಹೂಂ." ಅವಳು ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಓದಿದಳು. "ಹೂಂ ಹೂಂ" ಎಂದು ನಾನು ಇನ್ನೂ ಉತ್ಸಾಹ ತುಂಬಿದೆ. ಇಂದ್ರಾಣಿ ಮೇಡಂ ಮೃದುವಾಗಿ, "ಮಂಜುಳಾ, ನೀವು ಏನೋ ಹೇಳಬೇಕು ಅಂತಿದ್ದೀರಾ?" ಎಂದು ಕೇಳಿದರು. ಇಲ್ಲ ಮೇಡಂ, ಕೇಳಿಸಿಕೊಳ್ಳುತ್ತಿದ್ದೇನೆ ಎಂದೆ. ಎಲ್ಲರೂ ನಕ್ಕರು. ಸುತ್ತ ನೋಡಿದರೆ ಉಳಿದವರು ತಲೆ ತಗ್ಗಿಸಿ, ಪೆನ್ನು ಹಿಡಿದು, ತೀರಿಹೋದವರ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ಅದೇ ಅವರು ಕೇಳುವ ರೀತಿ. ಬಾಯಿ ಮುಚ್ಚಿಕೊಂಡೆ.

ನನ್ನ ಸರದಿ ಬಂತು. ಸುಮಾ ಇಂಗ್ಲಿಷಿಗೆ ಮಾಡಿಕೊಟ್ಟ ಹಾಳೆಗಳನ್ನು ಹಿಡಿದು ಓದತೊಡಗಿದೆ. ಕೆಂಪಜ್ಜಿ ಹೊರಟಳು. ಹುಣಸೆಮರವನ್ನು ಕೇಳಿದಳು. ಜಗಲಿಯಲ್ಲಿ ಒಂದು ಸದ್ದಿಲ್ಲ. ಕೆರೆಯನ್ನು ಕೇಳಿದಳು. ಫ್ಯಾನಿನ ಕಿರುಗುಡುವಿಕೆ ಬಿಟ್ಟರೆ ಏನಿಲ್ಲ. ಇವರಿಗೆ ಕತೆ ಹಿಡಿಸಿಲ್ಲ ಎಂದು ನನಗೆ ಖಾತ್ರಿಯಾಯಿತು. ಹೂಂ ಅನ್ನುವವರಿಲ್ಲದೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಕೆಂಪಜ್ಜಿ ಬೋರೆಯ ಕಲ್ಲಿನ ಹತ್ತಿರ ಬಂದು ಕಾಲು ನೋವೆಂದು ಅದರ ಮೇಲೆ ಕುಳಿತಳು. ಇನ್ನೂ ಒಂದೂವರೆ ಪುಟ ಉಳಿದಿತ್ತು. "ಅಷ್ಟೇ" ಎಂದು ನಾನೂ ಕುಳಿತುಬಿಟ್ಟೆ.

ಚಪ್ಪಾಳೆಯೋ ಚಪ್ಪಾಳೆ! ಯಾವ ಕಲ್ಲನ್ನು ಕೇಳಬೇಕೋ ಅದರ ಮೇಲೆಯೇ ಕುಳಿತುಬಿಟ್ಟಳಲ್ಲ, ಎಂಥ ಅಂತ್ಯ ಎಂದು ಒಬ್ಬರು. ಉಳಿದದ್ದನ್ನು ಓದುಗರಿಗೇ ಬಿಟ್ಟ ಅಂತ್ಯ ಎಂದು ಇನ್ನೊಬ್ಬರು. ಇಂದ್ರಾಣಿ ಮೇಡಂ ಹಾಳೆಯನ್ನು ಇಸಿದುಕೊಂಡು ಕಲ್ಲಿನ ಸಾಲಿನ ಕೆಳಗೆ ಗೆರೆ ಎಳೆದರು. ಇದರ ಮುಂದೆ ಒಂದಕ್ಷರ ಬರೆಯಬೇಡಿ ಎಂದರು. ಬರೆದವರು ಮಾತಾಡಬಾರದು ಎನ್ನುವುದು ಆ ಕಮ್ಮಟದ ನಿಯಮ. ಹೊಗಳಿಕೆ ಯಾರಿಗೆ ಬೇಡ? ನಾನು ನಿಯಮವನ್ನು ಬಲು ಶ್ರದ್ಧೆಯಿಂದ ಪಾಲಿಸಿದೆ.

ಬಾವಿಕಟ್ಟೆ

ಆ ಊರಿನಲ್ಲಿ ಸಂಜೆಯ ಟೀ ಕುಡಿಯುವುದೇ ಒಂದು ಚೆಂದ. ಹಾಲಿಲ್ಲ, ಸಕ್ಕರೆಯಿಲ್ಲ. ತಾಳೆಬೆಲ್ಲದ ತುಂಡು ಕಚ್ಚಿ ಒಂದು ಗುಟುಕು, ಮತ್ತೆ ಕಚ್ಚಿ ಮತ್ತೊಂದು. ಬೆಲ್ಲವನ್ನು ತಾಳೆಗರಿಯ ಪುಟ್ಟ ಬುಟ್ಟಿಯಲ್ಲೇ ಹೊಯ್ದಿರುತ್ತಾರೆ. ನಾನು ಗರಿಯನ್ನೂ ಕಚ್ಚಿದೆ. ಯೋಗನ್ ಮಾಸ್ಟರ್ ಬಾವಿಕಟ್ಟೆಯಿಂದ ನೋಡಿ ನಕ್ಕು, ಬಂದು ಕೂರು ಎಂದು ಕರೆದರು.

"ಗಂಟೆ ಸಿಕ್ಕಿತಾ ಅಮ್ಮಾ?" ಎಂದು ಕೇಳಿದರು. ಬೆಳಗಿನಿಂದ ಅಷ್ಟು ಜನ ಹೊಗಳಿದ್ದರಲ್ಲ, ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

ನನಗೆ ಅಳು ಬಂತು. ಗಾಡಿ, ಮೂಟೆ, ಟವೆಲು, ಲಕ್ವ ಎಲ್ಲ ಹೇಳಿದೆ. ಯಾರೂ ಹೂಂ ಅನ್ನಲಿಲ್ಲ ಅಂತ ನಿಲ್ಲಿಸಿದೆ, ಅದು ಅಂತ್ಯವೇ ಅಲ್ಲ ಮಾಸ್ಟರ್ ಎಂದೆ. ಅವರು ಬೆಲ್ಲ ಕಚ್ಚುತ್ತಾ ಕೇಳಿಸಿಕೊಂಡರು. ತಮ್ಮ ಅಜ್ಜಿಯೂ "ಉಂ" ಅನ್ನದಿದ್ದರೆ ಕತೆ ಮುಚ್ಚಿಡುತ್ತಿದ್ದಳು, ನಾವೂ ಉಂ ಕೊಟ್ಟೇ ಬೆಳೆದವರು, ಪುಸ್ತಕ ಬರೆಯತೊಡಗಿದ ಮೇಲೆ ಮರೆತೆವು ಎಂದರು.

ಮರುದಿನ ಜಗಲಿಯಲ್ಲಿ ಅವರು ಇದನ್ನು ಎಲ್ಲರಿಗೂ ತಿಳಿಸಿದರು. ಆಮೇಲೆ ನೋಡಬೇಕಿತ್ತು! ಸಬಿತಾ ತಪ್ಪು ಜಾಗದಲ್ಲಿ ಹೂಂ ಅನ್ನುವಳು. ಇಂದ್ರಾಣಿ ಮೇಡಂ ಪರೀಕ್ಷೆಗೆ ಕೂತವರ ಹಾಗೆ ಗಂಭೀರವಾಗಿ, ಪ್ರತಿ ಅಲ್ಪವಿರಾಮಕ್ಕೂ "ಹೂಂ" ಎಂದರು. ಆದರೆ ಬಿಡುವಿನಲ್ಲಿ ಅವರು ನನ್ನ ಪಕ್ಕ ಬಂದು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. "ಪುಸ್ತಕ ಓದುವವರು ಹೂಂ ಅನ್ನುವುದಿಲ್ಲ ಮಂಜುಳಾ. ಅದು ನಿಮ್ಮೊಳಗೇ ಕೇಳಿಸಬೇಕು. ಎಲ್ಲಿ ಕೇಳಿಸುವುದು ನಿಲ್ಲುತ್ತದೋ ಅಲ್ಲಿ ನೀವೂ ನಿಲ್ಲಿ. ಅದಕ್ಕೇ ಕಲ್ಲಿನ ಹತ್ತಿರ ಗೆರೆ ಎಳೆದೆ." ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಗಂಟೆ ಎಲ್ಲಿ ಹೋಯಿತು ಎನ್ನುವ ಪ್ರಶ್ನೆಯೂ ಹೋಗಲಿಲ್ಲ.

ಕಡಲ ಕಡೆಗೆ ಬಸ್ಸು

ಒಂದು ದಿನ ಮಾಸ್ಟರ್ ನಮ್ಮನ್ನೆಲ್ಲ ಬಸ್ಸು ಹತ್ತಿಸಿದರು. ದ್ವೀಪದ ಉತ್ತರದ ತುದಿಯಲ್ಲಿರುವ ಬೆಸ್ತರ ಊರಿಗೆ ಪ್ರಯಾಣ. ಅಭ್ಯಾಸ ಏನೆಂದರೆ, ಕಿಟಕಿಯಿಂದ ಏನು ಕಂಡರೂ ಅದನ್ನು ಆಗಿಂದಾಗಲೇ ನಿಮ್ಮ ಕತೆಯೊಳಗೆ ಎಳೆದುಕೊಳ್ಳಬೇಕು, ಬಿಡುವ ಹಾಗಿಲ್ಲ.

ನಮ್ಮ ಕಡೆಯ ಬಸ್ಸಿನಂತೆಯೇ ಹಾಡಿನ ಅಬ್ಬರ, ಡ್ರೈವರನ ಮುಂದೆ ದೇವರ ಸಾಲು, ನಿಂತವರ ಚೀಲ ಕೂತವರ ತೊಡೆಯ ಮೇಲೆ. ನನ್ನ ತೊಡೆಯ ಮೇಲೆ ಯಾರದೋ ನುಗ್ಗೇಕಾಯಿ ಕಟ್ಟು ಬಂತು. ಸೀರೆಯುಟ್ಟ ಅಜ್ಜಿಯೊಬ್ಬರು ಬಸ್ಸಿನ ಜೊತೆಗೆ ಪೈಪೋಟಿಗಿಳಿದವರಂತೆ ಸೈಕಲ್ ತುಳಿಯುತ್ತಿದ್ದರು. ನಮ್ಮೂರಿನಲ್ಲಿ ಆ ವಯಸ್ಸಿನವರು ಸೈಕಲ್ ಮುಟ್ಟಿದರೆ ಊರೇ ಸೇರುತ್ತದೆ. ನಡುನಡುವೆ ಸೂರಿಲ್ಲದ ಮನೆಗಳು, ಗೋಡೆಯ ಒಳಗಿಂದ ಎದ್ದ ಮರಗಳು. ಯುದ್ಧದ ಕಾಲದವು. ಮಾಸ್ಟರ್ ಆ ಕಡೆ ನೋಡಲಿಲ್ಲ, ನಾನು ಕೇಳಲಿಲ್ಲ.

ನಾನು ಕೆಂಪಜ್ಜಿಯನ್ನು ಕಲ್ಲಿನ ಮೇಲಿಂದ ಎಬ್ಬಿಸಿದೆ. ಸೈಕಲ್ ಅಜ್ಜಿಯನ್ನು ಕೇಳಿದಳು. ಅವರು ತಾಳೆಮರವನ್ನು ಕೇಳು ಎಂದರು. ತಾಳೆಮರ ಉಪ್ಪಿನ ಗದ್ದೆಯನ್ನು ಕೇಳು ಎಂದಿತು. ಬರೆಯುತ್ತಾ ಬರೆಯುತ್ತಾ ನನ್ನ ಕೈ ನಿಂತುಹೋಯಿತು.

ಹುಣಸೆಮರ, ಕೆರೆ, ಬೋರೆಯ ಕಲ್ಲು. ಅವು ನಮ್ಮೂರಿನಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಅದೇ ಸಾಲಿನಲ್ಲಿ ಸಿಗುತ್ತಿದ್ದವು! ಊರು ಬಿಟ್ಟ ಕೂಡಲೇ ಹುಣಸೆಮರ, ಆಮೇಲೆ ಕೆರೆ ಏರಿ, ಏರು ಹತ್ತಿದರೆ ಬೋರೆ. ಅಪ್ಪನಿಗೆ ಯಾವ ಕತೆಯೂ ಮೊದಲೇ ಗೊತ್ತಿರಲಿಲ್ಲ. ಮೂಕಿಯ ಮೇಲೆ ಕೂತು, ಎದುರಿಗೆ ಏನು ಬಂತೋ ಅದನ್ನು ಅಜ್ಜಿಯ ಬಾಯಿಗೆ ಕೊಡುತ್ತಿದ್ದರು ಅಷ್ಟೇ. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ನಗು ಬಂತು. ನಗುವಿನ ಹಿಂದೆಯೇ ಭಯವೂ ಬಂತು. ಹಾಗಾದರೆ ಗಂಟೆ? ಅಪ್ಪನಿಗಾದರೂ ಗೊತ್ತೇ?

ಕಡಲು ಬಂದಾಗ ಉಳಿದವರು ಚಪ್ಪಲಿ ಬಿಟ್ಟು ನೀರಿಗಿಳಿದರು. ನಾನು ನುಗ್ಗೇಕಾಯಿ ಕಟ್ಟು ಹಿಡಿದುಕೊಂಡೇ ಬಸ್ಸಿಳಿದಿದ್ದೆ. ಅದರ ಯಜಮಾನಿ ಯಾವ ಸ್ಟಾಪಿನಲ್ಲಿ ಇಳಿದುಹೋದಳೋ ಪಾಪ. ಆ ರಾತ್ರಿ ನಮ್ಮೆಲ್ಲರಿಗೂ ನುಗ್ಗೇಕಾಯಿ ಸಾರು.

ಕೊನೆಯ ಮಧ್ಯಾಹ್ನ: ಫೋನು

ದಿನಾ ಊಟವಾದ ಮೇಲೆ ಮನೆಗೆ ಫೋನು ಮಾಡುತ್ತಿದ್ದೆ. ವಿಡಿಯೋ ಬರುವಷ್ಟು ನೆಟ್‌ವರ್ಕ್ ನಮ್ಮ ಭೀಮನಬೀಡಿನ ನಡುಮನೆಯಲ್ಲಿ ಸಿಗುವುದಿಲ್ಲ. ಬರೀ ದನಿ. ಕೊನೆಯ ದಿನ ಬಾವಿಕಟ್ಟೆಯ ನೆರಳಿನಲ್ಲಿ ಕೂತು ಫೋನು ಹಚ್ಚಿದೆ.

"ಉಂಡ್ಯಾ? ಇವತ್ತೂ ಮೀನಿನ ಚಟ್ನಿನೇ ಕೊಟ್ರಾ?" ಎಂದಳು ಅವ್ವ.

"ಉಂಡೆ ಕಣವ್ವ. ಅಪ್ಪ ಎಲ್ಲವ್ರೆ?"

"ಇಲ್ಲೇ ಮಂಚದ ಮೇಲವ್ರೆ. ಕಿವಿ ತಾವ ಇಡ್ತೀನಿ, ಮಾತಾಡು."

"ಅಪ್ಪ, ಕೆಂಪಜ್ಜಿ ಕತೆ ಏಳ್ತೀನಿ ಕೇಳು," ಎಂದೆ.

"ಹೂಂ," ಎಂದರು ಅಪ್ಪ.

ಹುಣಸೆಮರದಿಂದ ಶುರು ಮಾಡಿದೆ. ಹೂಂ. ಕೆರೆ ಏರಿ. ಹೂಂ. ಬೋರೆಯ ಕಲ್ಲಿನ ಮೇಲೆ ಅಜ್ಜಿ ಕುಳಿತಳು. ಒಂದು ಗಳಿಗೆ ನಾನೂ ನಿಂತೆ. ಇಂದ್ರಾಣಿ ಮೇಡಂ ಗೆರೆ ಎಳೆದ ಜಾಗ. "ಹೂಂ? ಹೂಂ!" ಎಂದು ಅಪ್ಪ ಅವಸರಪಡಿಸಿದರು. ಅಜ್ಜಿ ಎದ್ದಳು. ಸಮುದ್ರ ದಾಟಿದಳು. ಈರುಳ್ಳಿ ಹೊಲದಲ್ಲಿ ಕಳೆ ಕೀಳುವ ಹೆಂಗಸನ್ನು ಕೇಳಿದಳು. ಅಪ್ಪನ ದನಿ ಏರಿತು. ಈರುಳ್ಳಿ ಅಂದರೆ ಅವರಿಗೆ ಪ್ರಾಣ.

ಇಲ್ಲೇ ಮುಗಿಸಬೇಕು ಎಂದು ನಾನು ಯೋಚಿಸಿಕೊಂಡಿದ್ದೆ. "ಆ ಹೆಂಗಸು ಮಣ್ಣು ಕೆದಕಿದ್ಲು ಅಪ್ಪ. ಈರುಳ್ಳಿ ಗೆಡ್ಡೆ ಜೊತೆಗೆ ಗಂಟೆ ಸಿಕ್ಬುಡ್ತು!"

"ಊಹೂಂ!"

ಸಿಡಿದ ಹಾಗೆ ಬಂತು. ಸಿಟ್ಟೇ ಬಂದಿತ್ತು. ಇನ್ನೊಂದು ಸಲ ನೋಡೋಣ ಎಂದು, "ಇಲ್ಲ ಇಲ್ಲ, ಅಲ್ಲಿರ್ನಿಲ್ಲ. ಬೆಸ್ತರ ಬಲೆಯಲ್ಲಿ ಸಿಕ್ತು," ಎಂದೆ.

"ಊಹೂಂ. ಊಹೂಂ."

"ಸರಿ ಬುಡು. ಅಲ್ಲೂ ಸಿಗ್ನಿಲ್ಲ. ಬೆಸ್ತರು ಅಂದ್ರು, ಮುಂದ್ಲೂರಿಗೆ ಓಗಜ್ಜಿ ಅಂತ."

"ಹೂಂ," ಎಂದರು ಅಪ್ಪ, ತಣ್ಣಗೆ. ಎಲೆಯಡಿಕೆ ಬಾಯಿಗೆ ಬಿದ್ದವರ ಹಾಗೆ.

ಆಗ ಅರ್ಥವಾಯಿತು. ಗಂಟೆ ಸಿಕ್ಕಿದರೆ ಅಜ್ಜಿ ಮನೆಗೆ ಹೋಗಿಬಿಡುತ್ತಾಳೆ. ಕತೆ ಮುಗಿಯುತ್ತದೆ. ಕತೆ ಮುಗಿದರೆ ನಾನು ಹೂಂ ಅನ್ನುವುದಿಲ್ಲ, ಹಿಂದೆ ಮಗು ಇದೆ ಎಂದು ಗಾಡಿ ಹೊಡೆಯುವವರಿಗೆ ಹೇಗೆ ತಿಳಿಯಬೇಕು? ಆ ಕತೆಗೆ ಕೊನೆಯೇ ಇರಲಿಲ್ಲ. ನನ್ನ ನಿದ್ದೆಯೇ ಅದರ ಕೊನೆಯಾಗಿತ್ತು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಎಷ್ಟು ಸಂತೋಷವಾಗಿತ್ತು ಎಂದರೆ, ಬಾವಿಕಟ್ಟೆಯಲ್ಲಿ ನಾನೊಬ್ಬಳೇ ಕೂತು ನಗುತ್ತಿದ್ದೆ.

ಅಜ್ಜಿಯನ್ನು ನಡೆಸಿದೆ. ಸಬಿತಾ ಹೇಳಿದ ಹಿಮದ ಬೆಟ್ಟಗಳನ್ನು ಹತ್ತಿಸಿದೆ, ನಾನು ಕಂಡಿರದ ಊರುಗಳನ್ನು ದಾಟಿಸಿದೆ. ಹೂಂ, ಹೂಂ ಎಂದು ಅಪ್ಪ ಬೆನ್ನ ಹಿಂದೆಯೇ ಬರುತ್ತಿದ್ದರು. ಹೂಂಗಳ ನಡುವಿನ ಅಂತರ ದೊಡ್ಡದಾಯಿತು. ಒಂದು ಸಲ ಬರೀ ಉಸಿರು ಕೇಳಿಸಿತು. ಆಮೇಲೆ ಅದೂ ಇಲ್ಲ.

"ಅಪ್ಪ?" ಎಂದೆ. "ಅಪ್ಪ?" ಗಾಡಿಯಾಗಿದ್ದರೆ ಇಳಿದು ಹೋಗಿ ನೋಡಬಹುದಿತ್ತು. ನಡುವೆ ಸಮುದ್ರ. "ಅವ್ವ! ಅವ್ವಾ!"

ಏನೋ ಸರಿದಾಡಿದ ಸದ್ದು. ಬಳೆಯ ಸದ್ದು. ಅವ್ವನ ದನಿ ಪಿಸುಗುಟ್ಟಿತು. "ಕಿರುಚ್ಬ್ಯಾಡ ಕಣಮ್ಮಿ, ಮಲಿಕಬುಟ್ರು. ತಡಿ, ಟವೆಲ್ಲು ಒದ್ದಿಸ್ತಿವ್ನಿ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಕಮ್ಮಟದವರು ಜಗಲಿಯಿಂದ ನನ್ನ ಹೆಸರು ಕೂಗುತ್ತಿದ್ದರು. ಕೊನೆಯ ಓದು ಶುರುವಾಗುವುದರಲ್ಲಿತ್ತು. ಇಡಲಾ ಅವ್ವ ಎಂದು ಕೇಳಿದೆ.

ಅವ್ವ ಇಡಲಿಲ್ಲ. ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು.

"ಆಮೇಕೆ ಆ ಅಜ್ಜಿ ಎಲ್ಲಿಗೋದ್ಲಮ್ಮಿ?"

"ಹೂಂ ಅನ್ನವ್ವ," ಎಂದೆ. "ಏಳ್ತೀನಿ."

"ಹೂಂ," ಎಂದಳು ಅವ್ವ.